ಕಾರಿನ ಕಂತು, ಕೈಬಳೆಯ ಲೆಕ್ಕ

ಮದುವೆಯಾಗಿ ಎರಡು ಮೂರು ವರ್ಷ ಕಳೆದು ಮಡಿಲಿಗೊಂದು ಮಗು ಬಂತೆಂದರೆ ಈಗಿನ ಮನೆಗಳಲ್ಲಿ ಕಾರಿನ ಮಾತು ಶುರುವಾಗುತ್ತದೆ. ಹೊಸದೇ ಆಗಬೇಕೆಂದಿಲ್ಲ, ಯಾರಾದರೂ ಓಡಿಸಿ ಬಿಟ್ಟದ್ದಾದರೂ ಸರಿ, ನಾಲ್ಕು ಚಕ್ರದ್ದೊಂದು ಬೇಕು. ಇದನ್ನು ಆಡಂಬರವೆಂದು ತಳ್ಳಿಹಾಕುವ ಹಿರಿಯರಿದ್ದಾರೆ. ನಾನು ಹಾಗೆ ಹೇಳಲಾರೆ. ಖಾನಾಪುರ ತಾಲೂಕಿನ ಮಳೆಗಾಲ ಕಂಡವರು ಯಾರೂ ಹೇಳಲಾರರು. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಯಿಂದ ಮೋಡ ಕವಿದು ಸುರಿಯತೊಡಗಿದರೆ ದಿನಗಟ್ಟಲೆ ಬಿಡುವಿರುವುದಿಲ್ಲ. ಆ ಮಳೆಯಲ್ಲಿ ಬೈಕಿನ ಹಿಂದೆ ಕುಳಿತು, ರೇನ್‌ಕೋಟಿನೊಳಗೆ ಕೂಸನ್ನು ಅವುಚಿಕೊಂಡು ಬೆಳಗಾವಿಯ ಆಸ್ಪತ್ರೆಗೆ ಬರುವ ತಾಯಂದಿರನ್ನು ಎಷ್ಟೋ ಸಲ ನೋಡಿದ್ದೇನೆ.

ಆದ್ದರಿಂದ ಕಾರು ಬೇಕೆನ್ನುವುದರಲ್ಲಿ ತಪ್ಪಿಲ್ಲ. ಅದರ ಹಣ ಎಲ್ಲಿಂದ ಬರುತ್ತದೆ, ಯಾರ ಕೈಯಿಂದ ಹೋಗುತ್ತದೆ ಎಂಬುದನ್ನು ಮಾತ್ರ ಹೆಚ್ಚಿನ ಮನೆಗಳಲ್ಲಿ ಕುಳಿತು ಯೋಚಿಸುವುದಿಲ್ಲ. ನಮ್ಮ ಕಡೆ ಸಾಮಾನ್ಯವಾಗಿ ಎರಡು ದಾರಿಗಳು ತಟ್ಟನೆ ನೆನಪಾಗುತ್ತವೆ. ಒಂದು, ಫೈನಾನ್ಸಿನವರ ಕಂತು. ಇನ್ನೊಂದು, ಹೆಂಡತಿಯ ಕೈಬಳೆ. ಮೊದಲನೆಯದರ ಲೆಕ್ಕವನ್ನು ಫೈನಾನ್ಸಿನವನೇ ಹೇಳುತ್ತಾನೆ, ನಾವು ತಲೆಯಾಡಿಸುತ್ತೇವೆ. ಎರಡನೆಯದಕ್ಕೆ ಲೆಕ್ಕವೇ ಇರುವುದಿಲ್ಲ.

ನನ್ನ ತಂಗಿಯ ಮಗಳನ್ನು ಖಾನಾಪುರಕ್ಕೆ ಕೊಟ್ಟಿದ್ದೇವೆ. ಅಳಿಯ ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ದುಡಿಯುತ್ತಾನೆ. ತಿಂಗಳಿಗೆ 21 ಸಾವಿರ ಸಂಬಳ. ಹುಡುಗಿ ಮನೆಯಲ್ಲೇ ಬಟ್ಟೆ ಹೊಲಿದು ಆರು ಸಾವಿರದಷ್ಟು ಗಳಿಸುತ್ತಾಳೆ. ಒಂದೂವರೆ ವರ್ಷದ ಗಂಡುಮಗು, ಮಂಡಿನೋವಿನ ಅತ್ತೆ. 2025ರ ದಸರಾ ರಜೆಯಲ್ಲಿ ಅವಳು ಫೋನ್ ಮಾಡಿದಳು.

"ಖಾಲಾ, ಮಹ್ರ್‌ನ ಬಳಿ ಮಾರಿ ಕಾರು ತಗೊಳ್ಳೋಣ ಅಂತಾರ. ನೀವೇನಂತೀರಿ?"

"ನೀ ಏನಂತಿ?" ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗ ಕಾರೂ ಬೇಕ್ರಿ, ಬಳಿನೂ ಬೇಕ್ರಿ" ಎಂದಳು.

ಆ ಉತ್ತರ ನನಗೆ ಹಿಡಿಸಿತು. ಎರಡೂ ಬೇಕು ಎಂದು ಬಾಯಿಬಿಟ್ಟು ಹೇಳುವ ಹೆಣ್ಣುಮಕ್ಕಳು ಕಡಿಮೆ. ಇಬ್ಬರೂ ಭಾನುವಾರ ಮನೆಗೆ ಬನ್ನಿ ಎಂದೆ. ನಾನು ಮದ್ರಸಾದಲ್ಲಿ ಓದಿ, ಬಳಿಕ ಬಿ.ಎ. ಮುಗಿಸಿ ಶಿಕ್ಷಕಿಯಾದವಳು. ಮಕ್ಕಳಿಗೆ ಕೂಡು ಕಳೆ ಕಲಿಸುವ ನೋಟ್‌ಬುಕ್ಕಿನಲ್ಲೇ ಅವರ ಕಾರಿನ ಲೆಕ್ಕವನ್ನೂ ಬರೆದೆವು.

ಮೊದಲು ಬರೆದದ್ದು ಅಗತ್ಯದ ಲೆಕ್ಕ. ಅಳಿಯನಿಗೆ ದಿನವೂ ಕೆಲಸಕ್ಕೆ ಕಾರಿನಲ್ಲೇ ಹೋಗುವ ಆಸೆಯಿತ್ತು. ಹೋಗಿ ಬರಲು 45 ಕಿ.ಮೀ. ಹಳೆಯ ಕಾರು ಲೀಟರಿಗೆ 15 ಕಿ.ಮೀ. ಕೊಟ್ಟರೆ ದಿನಕ್ಕೆ ಮೂರು ಲೀಟರ್. ಪೆಟ್ರೋಲನ್ನು ಲೀಟರಿಗೆ ನೂರು ರೂಪಾಯಿಯೆಂದೇ ಹಿಡಿದರೂ 25 ದಿನಕ್ಕೆ 7,500 ರೂಪಾಯಿ. ಸಂಬಳದ ಮೂರನೇ ಒಂದು ಪಾಲಿಗಿಂತ ಹೆಚ್ಚು! ಅವನೇ ನಕ್ಕು, "ಬೈಕೇ ಸಾಕ್ರಿ ಖಾಲಾ" ಎಂದ. ಹುಡುಗಿಯ ಓಡಾಟಕ್ಕೆ 2023ರ ಜೂನ್ 11ರಿಂದ ಜಾರಿಯಾದ ಶಕ್ತಿ ಯೋಜನೆಯ ಉಚಿತ ಬಸ್ ಇದ್ದೇ ಇದೆ. ಹಾಗಾದರೆ ಕಾರು ಬೇಕಾಗುವುದು ಅತ್ತೆಯನ್ನು ಆಸ್ಪತ್ರೆಗೆ ಕರೆತರಲು, ಮಗುವಿಗೆ ಜ್ವರ ಬಂದಾಗ, ಮದುವೆ ಮುಂಜಿಗಳಿಗೆ. ತಿಂಗಳಿಗೆ ಆರೇಳು ಸಲ. ಇದನ್ನು ಬರೆದಿಟ್ಟ ಕೂಡಲೇ ಎಂಥ ಕಾರು ಎಂಬುದೂ ತೀರ್ಮಾನವಾಯಿತು. ಸಣ್ಣ ಪೆಟ್ರೋಲ್ ಕಾರು, ಎರಡು ಲಕ್ಷದೊಳಗೆ.

ಬೆಲೆಯ ವಿಷಯದಲ್ಲಿ ಅವಸರ ಬೇಡವೆಂದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಹೊಸ ಕಾರುಗಳ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿಯಿತು, ಅದರ ಮೇಲಿದ್ದ ಸೆಸ್ಸೂ ಹೋಯಿತು. ಹೊಸದರ ಬೆಲೆ ಇಳಿದ ಮೇಲೆ ಹಳೆಯದಕ್ಕೆ ಹಿಂದಿನ ಬೆಲೆಯನ್ನೇ ಕೊಡುವುದು ನ್ಯಾಯವಲ್ಲ. ಚೌಕಾಸಿಗೆ ಕೂರುವ ಮುನ್ನ ಇದನ್ನು ತಿಳಿದಿರಬೇಕು. ವ್ಯಾಪಾರಿಯಿಂದ ಕೊಂಡರೆ ಅವನ ಲಾಭದ ಮೇಲೆ ಶೇಕಡಾ 18 ಜಿ.ಎಸ್.ಟಿ. ಇರುತ್ತದೆ, ಅದು ಸುತ್ತಿ ಬಳಸಿ ನಮ್ಮ ಬೆಲೆಯಲ್ಲೇ ಸೇರುತ್ತದೆ. ಸ್ವಂತಕ್ಕೆ ಇಟ್ಟುಕೊಂಡವರಿಂದ ನೇರವಾಗಿ ಕೊಂಡರೆ ಆ ತೆರಿಗೆ ಇಲ್ಲ.

ಅಳಿಯ ಅಷ್ಟರಲ್ಲೇ ಒಬ್ಬ ಏಜೆಂಟನಿಂದ ಕಂತಿನ ಚೀಟಿ ಬರೆಸಿಕೊಂಡು ಬಂದಿದ್ದ. ಕೈಯಲ್ಲಿ 70 ಸಾವಿರ ಉಳಿತಾಯವಿತ್ತು. ಉಳಿದ 1 ಲಕ್ಷ 30 ಸಾವಿರಕ್ಕೆ ಮೂರು ವರ್ಷದ ಸಾಲ, "ಬರೀ ಶೇಕಡಾ 9 ಫ್ಲಾಟ್" ಎಂದು ಬರೆದಿತ್ತು. ಈ ಫ್ಲಾಟ್ ಎಂಬ ಮಾತು ಎಷ್ಟೋ ಮನೆಗಳನ್ನು ಮೋಸಗೊಳಿಸಿದೆ. ಅದರ ಅರ್ಥ, ನೀವು ಪ್ರತಿ ತಿಂಗಳು ಅಸಲು ತೀರಿಸುತ್ತಾ ಬಂದರೂ ಬಡ್ಡಿ ಮಾತ್ರ ಮೂರು ವರ್ಷವೂ ಪೂರ್ತಿ 1 ಲಕ್ಷ 30 ಸಾವಿರದ ಮೇಲೆಯೇ ಬೀಳುತ್ತದೆ. ವರ್ಷಕ್ಕೆ 11,700ರಂತೆ ಮೂರು ವರ್ಷಕ್ಕೆ 35,100 ರೂಪಾಯಿ. ಕಂತು ತಿಂಗಳಿಗೆ 4,586. ಅದೇ ಶೇಕಡಾ 9ನ್ನು ತೀರಿಸಿ ಉಳಿದ ಅಸಲಿನ ಮೇಲಷ್ಟೇ ಹಾಕಿದ್ದರೆ ಬಡ್ಡಿ 19 ಸಾವಿರದೊಳಗೆ ನಿಲ್ಲುತ್ತಿತ್ತು. ಉಳಿದ ಅಸಲಿನ ಲೆಕ್ಕದಲ್ಲಿ ನೋಡಿದರೆ ಈ "ಬರೀ 9" ನಿಜವಾಗಿ ಶೇಕಡಾ 16ನ್ನೂ ದಾಟುತ್ತದೆ.

ಇಲ್ಲಿ ಒಂದು ಮಾತನ್ನು ಎಲ್ಲ ಸಹೋದರಿಯರಿಗೂ ಹೇಳಬೇಕು. 2024ರ ಅಕ್ಟೋಬರ್ 1ರ ಬಳಿಕ ಕೊಡುವ ಇಂಥ ಸಾಲಗಳಿಗೆ ಬ್ಯಾಂಕಾಗಲಿ ಫೈನಾನ್ಸ್ ಕಂಪೆನಿಯಾಗಲಿ ಸಾಲದ ಮುಖ್ಯ ವಿವರಗಳ ಪತ್ರವೊಂದನ್ನು ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿದೆ. ಎಲ್ಲ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ ಅದರಲ್ಲಿರಬೇಕು. ಸಾಲ ಪಡೆಯುವವರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕು. ಸಹಿ ಹಾಕುವವರು ಗಂಡಸರಾದರೂ ಆ ಪತ್ರವನ್ನು ಮನೆಗೆ ತರಿಸಿ ಓದಿ. ಕಂತು ಕಟ್ಟುವುದು ನಿಮ್ಮ ಅಡುಗೆಮನೆಯ ಹಣದಿಂದಲೇ.

ನಮಗೆ ಬಡ್ಡಿಯ ಪ್ರಶ್ನೆ ಕೇವಲ ಲಾಭ ನಷ್ಟದ್ದಲ್ಲ. ಕುರ್‌ಆನ್ ನಿಷೇಧಿಸಿದ್ದನ್ನು ಆದಷ್ಟೂ ದೂರವಿಡಬೇಕೆಂಬುದು ಪ್ರತಿ ಮುಸ್ಲಿಮ್ ಮನೆಯ ಹಂಬಲ. ನಮ್ಮ ದೇಶದಲ್ಲಿ ಇಸ್ಲಾಮೀ ಬ್ಯಾಂಕ್ ಇಲ್ಲ. 2008ರಲ್ಲಿ ರಘುರಾಮ್ ರಾಜನ್ ಸಮಿತಿ ಬಡ್ಡಿರಹಿತ ಬ್ಯಾಂಕಿಂಗ್ ಬಗ್ಗೆ ಶಿಫಾರಸು ಮಾಡಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕ್ ಆ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲವೆಂದು ತಿಳಿಸಿತು. ಹಾಗೆಂದು ದಾರಿಗಳೇ ಇಲ್ಲವೆನ್ನುವಂತಿಲ್ಲ. ದೊಡ್ಡ ಮೊತ್ತಕ್ಕೆ ಕಷ್ಟ, ಒಂದು ಒಂದೂವರೆ ಲಕ್ಷಕ್ಕೆ ನಮ್ಮ ಸುತ್ತಲೇ ದಾರಿಗಳಿವೆ. ಈಗಾಗಲೇ ಬ್ಯಾಂಕಿನ ಸಾಲ ಮಾಡಿದ ಸಹೋದರಿಯರನ್ನು ಚುಚ್ಚಲು ಇದನ್ನು ಬರೆಯುತ್ತಿಲ್ಲ. ಅಂಥವರು ಅವಧಿಗೆ ಮುನ್ನ ತೀರಿಸಲು ಎಷ್ಟು ಶುಲ್ಕವೆಂದು ಕೇಳಿ ತಿಳಿದು, ಬೇಗ ತೀರಿಸುವ ಪ್ರಯತ್ನ ಮಾಡಲಿ.

ಮೊದಲನೆಯ ದಾರಿ ಹೆಂಗಸರ ಭಿಶಿ. ಬೆಳಗಾವಿಯ ಗಲ್ಲಿಗಳಲ್ಲಿ ಇದು ಹೊಸತಲ್ಲ. ನಮ್ಮ ಹುಡುಗಿಯೂ ಖಾನಾಪುರದಲ್ಲಿ ಒಂದು ಭಿಶಿಯಲ್ಲಿದ್ದಳು. 12 ಮಂದಿ, ತಿಂಗಳಿಗೆ ತಲಾ 5 ಸಾವಿರ, ಒಬ್ಬೊಬ್ಬರಿಗೆ 60 ಸಾವಿರ. ಚೀಟಿ ಎತ್ತಿ ಸರದಿ ಗೊತ್ತುಮಾಡಿದಾಗ ಅವಳಿಗೆ ಎಂಟನೆಯದು ಬಂದಿತ್ತು. ಅಂದರೆ ಕೈಗೆ 60 ಸಾವಿರ ಬರುವ ಹೊತ್ತಿಗೆ ಅವಳು 40 ಸಾವಿರ ಕಟ್ಟಿರುತ್ತಾಳೆ. 20 ಸಾವಿರವಷ್ಟೇ ಗೆಳತಿಯರು ಕೊಟ್ಟ ಸಾಲ. ಮೊದಲ ಸರದಿಯವಳು ಹೆಚ್ಚು ಸಾಲ ಪಡೆಯುತ್ತಾಳೆ, ಕೊನೆಯವಳು ಹೆಚ್ಚು ಸಾಲ ಕೊಡುತ್ತಾಳೆ. ಎಲ್ಲರೂ ಕಟ್ಟುವುದೂ ಪಡೆಯುವುದೂ ಸಮವಾದ್ದರಿಂದ ಇದರಲ್ಲಿ ಬಡ್ಡಿ ನುಸುಳುವುದಿಲ್ಲ. ಆದರೆ ಹರಾಜಿನ ಚೀಟಿ ಬೇರೆ. ಒಂದು ಲಕ್ಷದ ಚೀಟಿಯನ್ನು 80 ಸಾವಿರಕ್ಕೆ ಕೂಗಿ ತೆಗೆದುಕೊಂಡವನು ಒಂದು ಲಕ್ಷವನ್ನೇ ಕಟ್ಟುತ್ತಾನೆ. ಆ 20 ಸಾವಿರಕ್ಕೆ ಯಾವ ಹೆಸರಿಟ್ಟರೂ ಅದು ಸಾಲದ ಮೇಲಿನ ಹೆಚ್ಚುವರಿಯೇ. ಭಿಶಿಗೆ ಸೇರುವಾಗಲೂ ಎಚ್ಚರ ಬೇಕು. ಮುಖಪರಿಚಯ ಮಾತ್ರ ಇರುವವರೊಂದಿಗೆ ಸೇರಬಾರದು. ಹೆಸರು, ತಿಂಗಳು, ಸಹಿ ಇರುವ ಪುಸ್ತಕವಿರಬೇಕು.

ಎರಡನೆಯದು ದುಡಿಯುವ ಕಡೆಯ ಅಡ್ವಾನ್ಸ್. ವರ್ಷಗಳಿಂದ ನಂಬಿಕೆಯಿಂದ ದುಡಿಯುತ್ತಿರುವ ಕೆಲಸಗಾರನಿಗೆ ಮುಂಗಡ ಕೊಟ್ಟು ಸಂಬಳದಲ್ಲಿ ಹಿಡಿದುಕೊಳ್ಳುವ ಮಾಲೀಕರು ಉದ್ಯಮಬಾಗದಲ್ಲಿ ಸಾಕಷ್ಟಿದ್ದಾರೆ. ಕೇಳಲು ಸಂಕೋಚವಷ್ಟೇ ಅಡ್ಡಿ. ಮೂರನೆಯದು ಬಂಧುಗಳ ಕರ್ಝೆ ಹಸನ್. ಇದು ಪುಣ್ಯದ ಸಾಲ ನಿಜ. ಆದರೆ ಮರಳಿಸಬೇಕಾದ ಸಾಲ ಎಂಬುದನ್ನು ಪಡೆದವರು ಮರೆಯಬಾರದು. ಸಾಲವನ್ನು ಬರೆದಿಡಿ, ಸಾಕ್ಷಿಗಳಿರಲಿ ಎಂದು ಹೇಳುವ ಅಲ್ ಬಕರಃ ಅಧ್ಯಾಯದ 282ನೇ ವಚನ ಇಡೀ ಕುರ್‌ಆನಿನಲ್ಲೇ ಅತಿ ದೀರ್ಘವಾದದ್ದು. ನಮ್ಮಲ್ಲಿ "ಅಣ್ಣತಮ್ಮಂದಿರ ನಡುವೆ ಬರೆಯೋದೇನು" ಎನ್ನುತ್ತೇವೆ. ಬರೆಯದೆ ಇದ್ದುದರಿಂದಲೇ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳನ್ನು ನಾನು ಬಲ್ಲೆ.

ನಾಲ್ಕನೆಯದು ಮಾರುವವನಿಗೇ ಕಂತಿನಲ್ಲಿ ಕೊಡುವುದು. ನಗದಾದರೆ 1 ಲಕ್ಷ 85 ಸಾವಿರ, ಹತ್ತು ತಿಂಗಳ ಕಂತಾದರೆ 2 ಲಕ್ಷ ಎಂದು ಮಾರುವವನು ಹೇಳಿ, ಎರಡರಲ್ಲೊಂದು ಬೆಲೆಯನ್ನು ವ್ಯವಹಾರದ ಹೊತ್ತಿನಲ್ಲೇ ನಿಗದಿಮಾಡಿದರೆ ಅದು ವ್ಯಾಪಾರ, ಬಡ್ಡಿಯಲ್ಲ ಎಂಬುದು ನಾಲ್ಕೂ ಮಝ್‌ಹಬ್‌ಗಳ ಬಹುಪಾಲು ವಿದ್ವಾಂಸರ ಅಭಿಪ್ರಾಯ. ಕಂತು ತಡವಾಯಿತೆಂದು ಆ ಬಳಿಕ ಬೆಲೆ ಏರಿಸುವಂತಿಲ್ಲ. ಪರಿಚಿತರ ನಡುವೆ, ಸ್ಟ್ಯಾಂಪ್ ಕಾಗದದ ಮೇಲೆ ಬರೆದು ಮಾಡಿದರೆ ಇದೂ ಒಳ್ಳೆಯ ದಾರಿ.

ಐದನೆಯದೊಂದು ದಾರಿಯೂ ಯಾರಾದರೂ ತೋರಿಸಬಹುದು. "ನಿಮ್ಮ ಹಣ ನಮ್ಮಲ್ಲಿಡಿ, ಹಲಾಲ್ ವ್ಯಾಪಾರದ ಲಾಭದಿಂದಲೇ ನಿಮ್ಮ ಕಾರಿನ ಕಂತು ಕಟ್ಟಬಹುದು" ಎಂದು. ಆ ಬಾಗಿಲ ಬಳಿಯೂ ಸುಳಿಯಬೇಡಿ. ಬೆಂಗಳೂರಿನ ಐ.ಎಂ.ಎ. ಸಂಸ್ಥೆ ಹೀಗೆಯೇ ತಿಂಗಳ ಲಾಭದ ಆಸೆ ತೋರಿಸಿ ಹಣ ಸಂಗ್ರಹಿಸಿತ್ತು. 2019ರ ಜೂನ್‌ನಲ್ಲಿ ಅದು ಬಾಗಿಲು ಮುಚ್ಚಿದಾಗ ಸಾವಿರಾರು ಕುಟುಂಬಗಳ ಉಳಿತಾಯ ಅದರೊಳಗೆ ಸಿಲುಕಿತ್ತು. ಒಡವೆ ಮಾರಿ ಹಣ ಇಟ್ಟ ಹೆಂಗಸರೂ ಅವರಲ್ಲಿದ್ದರು. ಹಲಾಲ್ ಎಂಬ ಫಲಕ ನೋಡಿ ಲೆಕ್ಕ ಕೇಳುವುದನ್ನು ಬಿಟ್ಟದ್ದರ ಬೆಲೆ ಅದು.

ಇನ್ನು ಬಳೆಯ ಮಾತು. ಎರಡು ಬಳೆ, 20 ಗ್ರಾಂ. ಮಹ್ರ್ ಹೆಣ್ಣಿನ ಸ್ವಂತ ಸೊತ್ತು. ಅವಳು ಮನಸಾರೆ ಬಿಟ್ಟುಕೊಟ್ಟರೆ ಮಾತ್ರ ಗಂಡನಿಗೆ ಅದನ್ನು ಬಳಸಬಹುದೆಂದು ಅನ್ನಿಸಾ ಅಧ್ಯಾಯದ 4ನೇ ವಚನ ಸ್ಪಷ್ಟಪಡಿಸುತ್ತದೆ. ಮನೆಯಲ್ಲಿ ಎಲ್ಲರೂ ಮುಖ ನೋಡುತ್ತಾ ಕುಳಿತಿರುವಾಗ "ಆಯ್ತು" ಎನ್ನುವುದು ಮನಸಾರೆ ಕೊಟ್ಟಂತಲ್ಲ. ನಾನು ಅಳಿಯನಿಗೆ ಕೇಳಿದೆ, "ಬೇಟಾ, ಬಳಿ ತಗೊಂಡರ ಅದು ಅವಳ ಕಾಣಿಕೆಯೋ, ಸಾಲವೋ, ಕಾರಿನಾಗ ಅವಳ ಪಾಲೋ?" ಅವನು ಇದುವರೆಗೆ ಆ ಪ್ರಶ್ನೆಯನ್ನೇ ಕೇಳಿಕೊಂಡಿರಲಿಲ್ಲ. "ಸಾಲ ಅಂತ ಇಟ್ಕೊಳ್ರಿ" ಎಂದ.

"ಹಾಗಾದರ 20 ಗ್ರಾಂ ಬಂಗಾರ ಅಂತ ಬರಿ, ರೂಪಾಯಿ ಬರೀಬ್ಯಾಡ" ಎಂದೆ. ಬಂಗಾರ ಪಡೆದವನು ಬಂಗಾರದ ತೂಕವನ್ನೇ ಮರಳಿಸಬೇಕು. 2015ರಲ್ಲಿ 10 ಗ್ರಾಂ ಬಂಗಾರ 27 ಸಾವಿರದ ಆಸುಪಾಸಿನಲ್ಲಿತ್ತು. 2025ರ ಅಕ್ಟೋಬರಿನಲ್ಲಿ ಅದು 1 ಲಕ್ಷ 20 ಸಾವಿರ ದಾಟಿತು. ಅಂದು ಬಳೆ ಮಾರಿ ಕಾರು ಕೊಂಡ ಹೆಣ್ಣಿನ ಕೈಯಲ್ಲಿ ಇಂದು ಏನಿದೆ? ಕೊಂಡ ಬೆಲೆಯ ಅರ್ಧವೂ ಬಾರದ ಕಾರು, ಅದೂ ಗಂಡನ ಹೆಸರಿನಲ್ಲಿ. ಬಂಗಾರದ ಬೆಲೆ ಏರುತ್ತಲೇ ಇರುತ್ತದೆಂದು ನಾನು ಹೇಳುವುದಿಲ್ಲ. ಕಾರಿನ ಬೆಲೆ ಇಳಿಯುತ್ತಲೇ ಹೋಗುತ್ತದೆಂದು ಮಾತ್ರ ಹೇಳಬಲ್ಲೆ.

ಅಳಿಯ ನೋಟ್‌ಬುಕ್ಕಿನಲ್ಲಿ "20 ಗ್ರಾಂ" ಎಂದು ಬರೆದವನು ಪೆನ್ನು ಕೆಳಗಿಟ್ಟ. ಇದನ್ನು ತನ್ನ ಸಂಬಳದಲ್ಲಿ ಮರಳಿಸಲು ಎಷ್ಟು ವರ್ಷ ಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿರಬೇಕು. "ಬಳಿ ಬ್ಯಾಡ್ರಿ ಖಾಲಾ, ಬೇರೆ ನೋಡೋಣ" ಎಂದು ತಾನೇ ಹೇಳಿದ. ನಾನು ಅವನಿಗೆ ಏನನ್ನೂ ಬೋಧಿಸಬೇಕಾಗಲಿಲ್ಲ. ಒಳ್ಳೆಯ ಹುಡುಗರಿಗೆ ಲೆಕ್ಕ ಕಣ್ಣೆದುರು ಬಂದರೆ ಸಾಕು.

ಮೂರು ತಿಂಗಳು ಕಾಯುವುದೆಂದು ಇಬ್ಬರೂ ಒಪ್ಪಿದರು. ಜನವರಿಯಲ್ಲಿ ಭಿಶಿಯ 60 ಸಾವಿರ ಬಂತು. ವರ್ಕ್‌ಶಾಪಿನ ಮಾಲೀಕರು 40 ಸಾವಿರ ಅಡ್ವಾನ್ಸ್ ಕೊಟ್ಟರು, ತಿಂಗಳಿಗೆ 2,500ರಂತೆ 16 ತಿಂಗಳು ಸಂಬಳದಲ್ಲಿ ಹಿಡಿಯುತ್ತಾರೆ. ಅಳಿಯನ ಅಣ್ಣ 30 ಸಾವಿರ ಕೊಟ್ಟರು. ಭಿಶಿ ಮುಗಿದ ಮೇಲೆ ಅದೇ 5 ಸಾವಿರವನ್ನು ಆರು ತಿಂಗಳು ಅಣ್ಣನಿಗೆ ಕೊಡುವುದೆಂದು ಬರೆದರು. ಉಳಿತಾಯದ 70 ಸಾವಿರ ಸೇರಿ ಒಟ್ಟು 2 ಲಕ್ಷ. ನಿಜವಾದ ಸಾಲ 90 ಸಾವಿರ ಮಾತ್ರ. ಹತ್ತು ತಿಂಗಳು ತಿಂಗಳಿಗೆ 7,500, ಆಮೇಲೆ ಆರು ತಿಂಗಳು 2,500. ಏಜೆಂಟನ ಚೀಟಿಯ 35,100 ರೂಪಾಯಿ ಮನೆಯಲ್ಲೇ ಉಳಿಯಿತು.

1 ಲಕ್ಷ 85 ಸಾವಿರಕ್ಕೆ 2014ರ ಕಾರೊಂದು ಸಿಕ್ಕಿತು. 15 ಸಾವಿರವನ್ನು ಮೊದಲೇ ಬೇರೆ ಇಟ್ಟಿದ್ದರು, ಎರಡು ಟಯರು, ವಿಮೆ, ಹೆಸರು ಬದಲಾವಣೆಗೆಂದು. ಹಳೆಯ ಕಾರು ಕೊಳ್ಳುವವರು ಇದ್ದಬದ್ದ ಹಣವನ್ನೆಲ್ಲ ಬೆಲೆಗೇ ಸುರಿದರೆ ಮೊದಲ ತಿಂಗಳೇ ಮತ್ತೆ ಸಾಲಕ್ಕೆ ಕೈಚಾಚಬೇಕಾಗುತ್ತದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಇದಕ್ಕೆ 2029ರ ತನಕ ಅವಧಿಯಿದೆ, ಆಮೇಲೆ ತಪಾಸಣೆ ಮಾಡಿಸಿ ಐದು ವರ್ಷಕ್ಕೆ ನವೀಕರಿಸಬೇಕು. ಇನ್ನೂ ಅಗ್ಗವೆಂದು ಹದಿನಾಲ್ಕು ವರ್ಷದ ಕಾರು ಕೊಳ್ಳುವವರು ಈ ಖರ್ಚನ್ನೂ ಎಣಿಸಬೇಕು.

ಕೊಳ್ಳುವ ಮುನ್ನ ನೋಡಿದ್ದನ್ನೂ ಹೇಳಿಬಿಡುತ್ತೇನೆ. ನಮ್ಮದು ಗಡಿಯ ಊರು. ಗೋವಾದ, ಕೊಲ್ಹಾಪುರ ಸಾಂಗ್ಲಿ ಕಡೆಯ ಕಾರುಗಳು ಅಗ್ಗಕ್ಕೆ ಬರುತ್ತವೆ. ಹೊರರಾಜ್ಯದ ಕಾರಿಗೆ ಅಲ್ಲಿನ ಆರ್.ಟಿ.ಒ. ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಕರ್ನಾಟಕದ ತೆರಿಗೆ ಕಟ್ಟಿ ಮರುನೋಂದಣಿ ಮಾಡಿಸಬೇಕು. ಅಗ್ಗವಾದದ್ದು ಅಲ್ಲಿಗೆ ಸರಿಹೋಗುತ್ತದೆ. ಕೃಷ್ಣಾ ಪಂಚಗಂಗೆಯ ತೀರದಲ್ಲಿ 2019ರಲ್ಲೂ 2021ರಲ್ಲೂ ದೊಡ್ಡ ಪ್ರವಾಹ ಬಂದಿತ್ತೆಂಬುದೂ ನೆನಪಿರಲಿ. ನೀರಲ್ಲಿ ಮುಳುಗಿದ ಕಾರನ್ನು ತೊಳೆದು ಹೊಳಪು ಕೊಟ್ಟರೂ ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದರೆ ತುದಿಯಲ್ಲಿ ಕೆಸರಿನ ಕಲೆ ಸಿಗಬಹುದು, ಸೀಟಿನ ಬೋಲ್ಟುಗಳು ತುಕ್ಕು ಹಿಡಿದಿರಬಹುದು. ಇವರು ಕೆಎ 22 ಎಂಬ ಬೆಳಗಾವಿ ಸಂಖ್ಯೆಯ ಕಾರನ್ನೇ, ಪರಿಚಯದ ಮೆಕ್ಯಾನಿಕ್‌ಗೆ ತೋರಿಸಿ ಕೊಂಡರು.

ಆರ್.ಸಿ.ಯಲ್ಲಿ ಹಳೆಯ ಬ್ಯಾಂಕಿನ ಹೆಸರು ಉಳಿದಿದ್ದರೆ ಸಾಲ ತೀರಿದ ಪತ್ರ, ಫಾರಂ 35 ಕೇಳಿ ಪಡೆಯಬೇಕು. ಫಾರಂ 29 ಮತ್ತು 30ಕ್ಕೆ ಮಾರಿದವರ ಸಹಿ ಹಾಕಿಸಿ, ಹೆಸರು ಬದಲಾವಣೆಗೆ ಕೊಂಡವರು 30 ದಿನದೊಳಗೆ ಅರ್ಜಿ ಕೊಡಬೇಕು. ವಿಮೆಯನ್ನು 14 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. "ಆಮೇಲೆ ಮಾಡಿದರಾಯ್ತು" ಎನ್ನುವಂತಿಲ್ಲ. ಅಪಘಾತವಾದರೆ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಕಾರು ಮಾರುವ ಮನೆಯವರೂ ಇದನ್ನು ಗಮನಿಸಬೇಕು.

ಅರ್ಜಿ ತುಂಬುವಾಗ ಹೆಸರು ಯಾರದು ಎಂಬ ಮಾತು ಬಂತು. 60 ಸಾವಿರ ಹುಡುಗಿಯ ಹೊಲಿಗೆಯ ದುಡ್ಡು. ಅತ್ತೆಯೇ, "ಅವಳ ಹೆಸರಿಗೇ ಆಗಲಿ, ಓಡಿಸುವವನು ಅವನೇ ತಾನೆ" ಎಂದರಂತೆ. ಇಂಥ ಅತ್ತೆಯಂದಿರ ಸಂಖ್ಯೆ ಹೆಚ್ಚಲಿ ಎಂದು ದುಆ ಮಾಡಿದೆ.

ಸಹೋದರಿಯರೇ, ನಿಮ್ಮ ಮನೆಯಲ್ಲೂ ಕಾರಿನ ಮಾತು ಬಂದೀತು. ಬಂದಾಗ ಮುಖ ಸಿಂಡರಿಸಬೇಡಿ, ಮರುಮಾತಿಲ್ಲದೆ ಬಳೆಯನ್ನೂ ಬಿಚ್ಚಬೇಡಿ. ಒಂದು ನೋಟ್‌ಬುಕ್ ತೆಗೆದು ಗಂಡನ ಪಕ್ಕ ಕುಳಿತುಕೊಳ್ಳಿ. ತಿಂಗಳಿಗೆ ಎಷ್ಟು ಸಲ ಕಾರು ಬೇಕು, ಕೊನೆಯ ಕಂತು ಮುಗಿಯುವಾಗ ಒಟ್ಟು ಎಷ್ಟು ಕೊಟ್ಟಿರುತ್ತೇವೆ, ನನ್ನದೇನಾದರೂ ಅದರಲ್ಲಿ ಸೇರಿದರೆ ಅದನ್ನು ಏನೆಂದು ಬರೆಯೋಣ ಎಂದು ಕೇಳಿ. ಮೂರನೆಯ ಪ್ರಶ್ನೆ ಕೇಳುವಾಗ ನಾಲಗೆ ತಡವರಿಸೀತು. ಅದನ್ನು ಕೇಳುವ ಹಕ್ಕನ್ನು ನಿಮಗೆ ಕೊಟ್ಟವನು ಅಲ್ಲಾಹನು.